ಅಕ್ಕನ ಗಂಟನ್ನು ಅಯಸ್ಕಾಂತದಿಂದ ಸುಡಬಹುದಾ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ನನ್ನ ಅಕ್ಕನಿಗೆ 57 ವರ್ಷ. ಎಡಗಡೆ ಎದೆಯಲ್ಲಿ ಒಂದೂವರೆ ಸೆಂಟಿಮೀಟರಿನ ಗಂಟು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಅಂತ ಬಂತು. ಹತ್ತು ದಿನದಲ್ಲಿ ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ. ಅಷ್ಟರಲ್ಲಿ ಭಾವನ ಮೊಬೈಲಿಗೆ ಒಂದು ವಿಡಿಯೊ ಬಂತು. ಕಬ್ಬಿಣದ ನ್ಯಾನೋ ಕಣ ಚುಚ್ಚಿ, ಅಯಸ್ಕಾಂತ ಹಿಡಿದು ಗಂಟನ್ನು ಒಳಗೇ ಸುಟ್ಟುಬಿಡುತ್ತಾರಂತೆ, ಕತ್ತರಿಸುವುದೇ ಬೇಡವಂತೆ. ಅಕ್ಕ ಬೀಡಿ ಕಟ್ಟಿ ಎರಡು ಮಕ್ಕಳನ್ನು ಓದಿಸಿದವಳು. ಆಪರೇಷನ್ ಆದರೆ ಕೈ ಊದಿಕೊಳ್ಳುತ್ತದೆ, ಮತ್ತೆ ಬೀಡಿ ಕಟ್ಟಲು ಆಗುವುದಿಲ್ಲ ಅಂತ ಯಾರೋ ಹೆದರಿಸಿದ್ದಾರೆ. ಆ ಚಿಕಿತ್ಸೆ ಬರುವವರೆಗೆ ಆರು ತಿಂಗಳು ಕಾಯುತ್ತೇನೆ ಅನ್ನುತ್ತಿದ್ದಾಳೆ. ಕಾಯಬಹುದಾ?

ಉತ್ತರ: ಕಾಯಬೇಡಿ. ಉಳಿದದ್ದನ್ನು ನಿಧಾನವಾಗಿ ಓದಿ. ಈ ಒಂದು ಮಾತನ್ನು ಮಾತ್ರ ಇವತ್ತು ರಾತ್ರಿಯೇ ಅಕ್ಕನಿಗೂ ಭಾವನಿಗೂ ಹೇಳಿ. ಚಿಕಿತ್ಸೆ ತಡವಾದರೆ ಏನಾಗುತ್ತದೆ ಅಂತ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ಲೆಕ್ಕ ಹಾಕಿದ ವರದಿಯೊಂದು 2020ರಲ್ಲಿ ಬಂತು. ಆಪರೇಷನ್ ಪ್ರತಿ ನಾಲ್ಕು ವಾರ ತಡವಾದ ಹಾಗೂ ಸಾವಿನ ಅಪಾಯ ಶೇಕಡ 6ರಿಂದ 8ರಷ್ಟು ಜಾಸ್ತಿಯಾಗುತ್ತದೆ ಅಂತ ಅದು ಹೇಳಿತು. ಆರು ತಿಂಗಳೆಂದರೆ ಅಂಥ ಆರು ಕಂತು. ಒಂದೂವರೆ ಸೆಂಟಿಮೀಟರಿನಲ್ಲಿ ಸಿಕ್ಕಿದ ಗಂಟು ಅಂದರೆ ಬೇಗ ಸಿಕ್ಕಿದ ಗಂಟು. ಆ ಅನುಕೂಲವನ್ನು ಕೈಯಾರೆ ಕಳೆದುಕೊಳ್ಳಬಾರದು.

ಹಾಗಂತ ವಿಡಿಯೊದಲ್ಲಿರುವುದು ಪೂರ್ತಿ ಸುಳ್ಳು ಅಂತ ನಾನು ಹೇಳುವುದಿಲ್ಲ. ಅಯಸ್ಕಾಂತ ಸ್ತನ ಕ್ಯಾನ್ಸರಿನ ಚಿಕಿತ್ಸೆಗೆ ನಿಜವಾಗಿಯೂ ಬಂದಿದೆ. ಆದರೆ ಗಂಟು ಸುಡುವುದಕ್ಕಲ್ಲ, ಕಂಕುಳನ್ನು ಉಳಿಸುವುದಕ್ಕೆ. ಕಂಕುಳು ಉಳಿದರೆ ಕೈ ಊದುವ ಭಯ ಕಡಿಮೆ. ನಿಮ್ಮ ಅಕ್ಕನ ನಿಜವಾದ ಹೆದರಿಕೆ ಕೈಯದ್ದು. ಹಾಗಾಗಿ ಅವರಿಗೆ ಬೇಕಾದ ವಿಷಯವೂ ಅದೇ.

ಮೊದಲು ಈ ಕಣ ಏನು ಅಂತ ನೋಡೋಣ. ಚಿಕ್ಕವಳಿದ್ದಾಗ ಹಾಳಾದ ರೇಡಿಯೊದ ಸ್ಪೀಕರಿನಿಂದ ತೆಗೆದ ಅಯಸ್ಕಾಂತವನ್ನು ನಾವು ಚಂದ್ರಗಿರಿ ಹೊಳೆಯ ಮರಳಿನಲ್ಲಿ ಎಳೆದಾಡುತ್ತಿದ್ದೆವು. ಕಪ್ಪು ಹುಡಿ ಮೀಸೆಯ ಹಾಗೆ ಅಂಟಿಕೊಳ್ಳುತ್ತಿತ್ತು. ನೀವೂ ಆಡಿರುತ್ತೀರಿ, ಅಲ್ವಾ? ಆ ಹುಡಿಯಲ್ಲಿ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಆಕ್ಸೈಡ್ ಇರುತ್ತದೆ. ಆಸ್ಪತ್ರೆಯ ಕಣವೂ ಅದೇ ಜಾತಿಯದ್ದು. ಪ್ರಯೋಗಶಾಲೆಯಲ್ಲಿ ಮಾಡಿ, ಸುತ್ತಲೂ ಸಕ್ಕರೆಯಂಥ ಡೆಕ್ಸ್‌ಟ್ರಾನ್‌ನ ಹೊದಿಕೆ ಹಾಕುತ್ತಾರೆ. ಹೊದಿಕೆ ಸೇರಿ ಒಂದು ಕಣ ಸುಮಾರು 60 ನ್ಯಾನೋಮೀಟರ್. ಒಂದು ಕೆಂಪು ರಕ್ತಕಣ ನಮ್ಮ ಅಡಿಕೆ ಹಾಳೆಯ ತಟ್ಟೆಯಷ್ಟು ಅಗಲ ಅಂದುಕೊಂಡರೆ ಈ ಕಣ ಅದರ ಮೇಲಿಟ್ಟ ಒಂದು ಸಾಸಿವೆ ಕಾಳು.

ಇಷ್ಟು ಸಣ್ಣದಾದಾಗ ಕಬ್ಬಿಣದ ಗುಣವೇ ಬದಲಾಗುತ್ತದೆ. ಮೊಳೆಗೆ ಅಯಸ್ಕಾಂತ ಉಜ್ಜಿದರೆ ಮೊಳೆಯೂ ಅಯಸ್ಕಾಂತವಾಗಿ ಸ್ವಲ್ಪ ಹೊತ್ತು ಉಳಿಯುತ್ತದೆ. ಈ ಕಣಗಳು ಹಾಗಲ್ಲ. ಅಯಸ್ಕಾಂತ ಹತ್ತಿರ ಬಂದರೆ ಜೋರಾಗಿ ಸ್ಪಂದಿಸುತ್ತವೆ, ದೂರ ಹೋದ ಕೂಡಲೇ ಎಲ್ಲ ಮರೆತುಬಿಡುತ್ತವೆ. ಹಾಗಾಗಿ ಮೈಯೊಳಗೆ ಒಂದಕ್ಕೊಂದು ಅಂಟಿ ಮುದ್ದೆಯಾಗಿ ರಕ್ತನಾಳ ಕಟ್ಟುವುದಿಲ್ಲ. ಔಷಧಕ್ಕೆ ಬಳಸುವ ಧೈರ್ಯ ಬಂದದ್ದೇ ಈ ಗುಣದಿಂದ.

ಇನ್ನು ಸುಡುವ ವಿಷಯ. ಮನೆಯಲ್ಲಿ ಇಂಡಕ್ಷನ್ ಒಲೆ ಇದ್ದರೆ ಅರ್ಧ ಅರ್ಥವಾದ ಹಾಗೇ. ಒಲೆಯ ಗಾಜು ಕಾಯುವುದಿಲ್ಲ, ಮೇಲಿಟ್ಟ ಕಬ್ಬಿಣದ ಕಾವಲಿ ಕಾಯುತ್ತದೆ. ಒಳಗಿರುವ ತಂತಿಯ ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರ ಮಾಡುತ್ತದೆ, ಅದರಿಂದ ಕಾವಲಿಯೊಳಗೆ ಕರೆಂಟು ಸುತ್ತಿ ಬಿಸಿಯಾಗುತ್ತದೆ. ನ್ಯಾನೋ ಕಣದೊಳಗೆ ಕರೆಂಟು ಸುತ್ತುವಷ್ಟು ಜಾಗವಿಲ್ಲ. ಅಲ್ಲಿ ಬೇರೆ ನಡೆಯುತ್ತದೆ. ಕಾಂತಕ್ಷೇತ್ರ ಸೆಕೆಂಡಿಗೆ ಒಂದು ಲಕ್ಷ ಸಲ ಆಚೆ ಈಚೆ ತಿರುಗಿದಾಗ ಕಣದ ಅಯಸ್ಕಾಂತವೂ ಅದರ ಹಿಂದೆ ತಿರುಗಲು ಹೆಣಗುತ್ತದೆ. ಪ್ರತಿ ಸಲವೂ ಚೂರು ಹಿಂದೆ ಬೀಳುತ್ತದೆ. ಆ ಹೆಣಗಾಟವೇ ಶಾಖ. ಸುತ್ತಲಿನ ಜೀವಕೋಶಗಳು 42–43 ಡಿಗ್ರಿಗೆ ಏರಿ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೇ ಇದ್ದರೆ ಕ್ಯಾನ್ಸರ್ ಕೋಶ ಸೊರಗುತ್ತದೆ. ಆಮೇಲೆ ಕೊಡುವ ರೇಡಿಯೇಷನ್, ನಮ್ಮ ಕಡೆಯವರು ಕರೆಂಟ್ ಅನ್ನುತ್ತಾರಲ್ಲ, ಅದು ಆಗ ಚೆನ್ನಾಗಿ ಕೆಲಸ ಮಾಡುತ್ತದೆ.

ಇದು ಹೊಸ ಯೋಚನೆ ಅಂದುಕೊಳ್ಳಬೇಡಿ. 1957ರಲ್ಲೇ ಅಮೆರಿಕದ ಗಿಲ್‌ಕ್ರಿಸ್ಟ್ ಎಂಬ ಸರ್ಜನ್ ಮತ್ತು ಸಂಗಡಿಗರು ನಾಯಿಗಳ ಲಿಂಫ್ ಗಂಟಿಗೆ (ಇದು ರೋಗದ ಗಂಟಲ್ಲ, ಮೈಯ ನೀರನ್ನು ಸೋಸಲು ಎಲ್ಲರಿಗೂ ಇರುವ ಸಣ್ಣ ಗಂಟು) ಕಬ್ಬಿಣದ ಆಕ್ಸೈಡ್ ಕಣ ಸೇರಿಸಿ, ಹೊರಗಿನಿಂದ ಕಾಂತಕ್ಷೇತ್ರ ಕೊಟ್ಟು ಬಿಸಿ ಮಾಡಿ ತೋರಿಸಿದ್ದರು. ಮನುಷ್ಯರ ಮಟ್ಟಿಗೆ ಅತಿ ಮುಂದೆ ಹೋದದ್ದು ಜರ್ಮನಿಯ ಬರ್ಲಿನ್‌ನ ಕೆಲಸ. ಆಂಡ್ರಿಯಾಸ್ ಜೋರ್ಡನ್ ಅವರ ತಂಡದ ನ್ಯಾನೋಥರ್ಮ್ ಚಿಕಿತ್ಸೆಗೆ 2010ರಲ್ಲಿ ಯುರೋಪಿನ ಒಪ್ಪಿಗೆ ಸಿಕ್ಕಿತು. ಆದರೆ ಯಾವುದಕ್ಕೆ? ಮೆದುಳಿನ ಗಡ್ಡೆಗೆ. ಒಮ್ಮೆ ಚಿಕಿತ್ಸೆಯಾಗಿ ಮತ್ತೆ ಮರುಕಳಿಸಿದ, ಬೇರೆ ದಾರಿ ಮುಗಿದವರೇ ಅದರಲ್ಲಿ ಜಾಸ್ತಿ. ತಲೆಬುರುಡೆಗೆ ತೂತು ಮಾಡಿ ಕಣಗಳನ್ನು ನೇರ ಗಡ್ಡೆಯೊಳಕ್ಕೇ ಚುಚ್ಚುತ್ತಿದ್ದರು. ಜೊತೆಗೆ ರೇಡಿಯೇಷನ್ ಸಹ ಕೊಡುತ್ತಿದ್ದರು. ಹಲ್ಲಿಗೆ ತುಂಬಿದ ಲೋಹವನ್ನೂ ಮೊದಲೇ ತೆಗೆಸಬೇಕಿತ್ತು, ಇಲ್ಲದಿದ್ದರೆ ಅದೂ ಕಾಯುತ್ತಿತ್ತು. 2011ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿದ್ದದ್ದು 66 ರೋಗಿಗಳು. ಈ ಚಿಕಿತ್ಸೆ ಪಡೆಯದವರ ಇನ್ನೊಂದು ಗುಂಪನ್ನು ಪಕ್ಕದಲ್ಲಿಟ್ಟು ಹೋಲಿಸಿರಲಿಲ್ಲ.

ಎದೆಯ ಗಂಟಿಗೆ ಯಾಕೆ ಆಗುತ್ತಿಲ್ಲ ಅಂತ ಕೇಳುತ್ತೀರಿ. ಎದೆ ಮೈಯ ಹೊರಗೇ ಇದೆ, ಚುಚ್ಚುವುದೂ ಸುಲಭ. ಆದರೆ ಕಣಗಳು ಗಂಟಿನೊಳಗೆ ಸಮನಾಗಿ ಹರಡುವುದಿಲ್ಲ. ಒಂದು ಕಡೆ ಕಾಯುತ್ತದೆ, ಪಕ್ಕದಲ್ಲೇ ತಣ್ಣಗಿರುತ್ತದೆ. ತಣ್ಣಗಿದ್ದ ಕಡೆ ಉಳಿದ ಕೋಶ ಮತ್ತೆ ಬೆಳೆಯುತ್ತದೆ. ಕಾಂತಕ್ಷೇತ್ರವನ್ನು ಇನ್ನೂ ಜೋರು ಮಾಡೋಣ ಅಂದರೆ ಆರೋಗ್ಯವಾಗಿರುವ ಮಾಂಸದಲ್ಲೂ ಕರೆಂಟು ಸುತ್ತಿ ಅದೂ ಕಾಯುತ್ತದೆ. ಆಪರೇಷನ್‌ನಲ್ಲಾದರೆ ತೆಗೆದ ಗಂಟನ್ನು ಪೆಥಾಲಜಿಯವರು ಸೀಳಿ, ಅಂಚಿನವರೆಗೆ ಕ್ಯಾನ್ಸರ್ ಇದೆಯಾ, ಹಾರ್ಮೋನಿಗೆ ಸ್ಪಂದಿಸುವ ಜಾತಿಯಾ, ಹರ್-2 ಎಂಬ ಪ್ರೋಟೀನ್ ಜಾಸ್ತಿ ಇದೆಯಾ ಅಂತ ಪೂರ್ತಿ ನೋಡುತ್ತಾರೆ. ಮುಂದಿನ ಮದ್ದೆಲ್ಲ ನಿಂತಿರುವುದು ಆ ವರದಿಯ ಮೇಲೆ. ಸುಟ್ಟ ಗಂಟಿನಲ್ಲಿ ಆ ಅಂಚು ಎಲ್ಲಿ ಸಿಗಬೇಕು?

ಚುಚ್ಚುವುದು ಬೇಡ, ಕೈಯ ನರಕ್ಕೆ ಇಂಜೆಕ್ಷನ್ ಕೊಟ್ಟರೆ ಕಣ ತಾನಾಗಿ ಗಂಟು ಹುಡುಕಿಕೊಂಡು ಹೋಗುತ್ತದೆ ಅಂತಲೂ ಇಂಥ ವಿಡಿಯೊಗಳಲ್ಲಿ ತೋರಿಸುತ್ತಾರೆ. ನನಗೆ ನಿಜಕ್ಕೂ ಬೇಸರವಾಗುವುದು ಇಲ್ಲೇ. 2016ರಲ್ಲಿ ವಿಜ್ಞಾನಿಗಳು ಹತ್ತು ವರ್ಷಗಳ ಸಂಶೋಧನೆಗಳನ್ನು ಒಟ್ಟು ಮಾಡಿ ನೋಡಿದರು. ಪ್ರಾಣಿಗಳಿಗೆ ಕೊಟ್ಟ ನ್ಯಾನೋ ಕಣಗಳಲ್ಲಿ ಗಡ್ಡೆಗೆ ತಲುಪಿದ್ದು ಸಾಮಾನ್ಯವಾಗಿ ಶೇಕಡ 0.7 ಮಾತ್ರ. ಸಾವಿರದಲ್ಲಿ ಏಳು. ಉಳಿದದ್ದನ್ನು ಹೆಚ್ಚಾಗಿ ಲಿವರ್ ಮತ್ತು ಗುಲ್ಮ ಹಿಡಿದುಬಿಡುತ್ತವೆ. ಅವುಗಳ ಕೆಲಸವೇ ಅದು, ರಕ್ತದಲ್ಲಿ ಬಂದ ಹೊರಗಿನ ವಸ್ತುವನ್ನು ಸೋಸುವುದು. ಹೊರಗಿನಿಂದ ಅಯಸ್ಕಾಂತ ಹಿಡಿದು ಎಳೆಯುವ ಪ್ರಯತ್ನವನ್ನೂ ಮಾಡಿದ್ದಾರೆ. 1996ರಲ್ಲಿ ಬರ್ಲಿನ್‌ನಲ್ಲೇ 14 ರೋಗಿಗಳಿಗೆ ಎಪಿರುಬಿಸಿನ್ ಎಂಬ ಕೀಮೋ ಮದ್ದನ್ನು ಕಬ್ಬಿಣದ ಕಣಕ್ಕೆ ಅಂಟಿಸಿ ಕೊಟ್ಟರು. ಗಡ್ಡೆಯ ಮೇಲೆ ಅಯಸ್ಕಾಂತ ಇಟ್ಟರು. ಕಷ್ಟ ಏನೆಂದರೆ ಅಯಸ್ಕಾಂತದ ಎಳೆತ ದೂರ ಹೋದ ಹಾಗೆ ತಟ್ಟನೆ ಬಿದ್ದುಹೋಗುತ್ತದೆ. ಮರಳಿಗೆ ತಾಗಿಸಿದರೆ ಹುಡಿ ಅಂಟುತ್ತಿತ್ತು, ಒಂದು ಗೇಣು ಮೇಲೆ ಹಿಡಿದರೆ ಒಂದು ಕಣವೂ ಏಳುತ್ತಿರಲಿಲ್ಲ, ನೆನಪಿದೆಯಾ?

ನಮ್ಮ ದೇಶದಲ್ಲೂ ಐಐಟಿ ಬಾಂಬೆ, ಭಾಭಾ ಅಣು ಸಂಶೋಧನಾ ಕೇಂದ್ರದಂಥ ಕಡೆ ಈ ಬಿಸಿ ಮಾಡುವ ಕಣಗಳ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಹರ್-2 ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಮದ್ದನ್ನು ಕಣಕ್ಕೆ ಅಂಟಿಸಿ ಗುರಿ ಮುಟ್ಟಿಸುವ ಪ್ರಯೋಗಗಳೂ ಪ್ರಪಂಚದ ತುಂಬ ಇವೆ. ಅವೆಲ್ಲ ಇಲಿ, ಗಾಜಿನ ತಟ್ಟೆಗಳ ಹಂತದವು. ನಾಳೆ ಮಗಳ ಕಾಲಕ್ಕೆ ಬರಬಹುದು. ಅಕ್ಕನ ಈ ಗಂಟಿಗೆ ಆರು ತಿಂಗಳಲ್ಲಿ ಬರುವುದಿಲ್ಲ.

ಒಂದು ಗೊಂದಲವನ್ನು ಇಲ್ಲೇ ಬಿಡಿಸುತ್ತೇನೆ. ಮುಂದೆ ಕೀಮೋ ಬೇಕಾದರೆ ಬಿಲ್ಲಿನಲ್ಲಿ ನ್ಯಾಬ್-ಪ್ಯಾಕ್ಲಿಟಾಕ್ಸೆಲ್ ಅಂತ ಕಾಣಬಹುದು. ಅದೂ ನ್ಯಾನೋ ಮದ್ದೇ, 2005ರಿಂದ ಬಳಕೆಯಲ್ಲಿದೆ. ಅದರಲ್ಲಿ ಕಬ್ಬಿಣವಿಲ್ಲ, ಅಯಸ್ಕಾಂತವೂ ಬೇಡ. ಆಲ್ಬುಮಿನ್ ಎಂಬ ಪ್ರೋಟೀನಿಗೆ ಸೇರಿಸಿದ ಮದ್ದು ಅಷ್ಟೇ. ವಿಡಿಯೊದ ಚಿಕಿತ್ಸೆ ಇದೇ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಸ್ಕ್ಯಾನಿಂಗ್‌ನಲ್ಲಿ ಈ ಕಣಗಳ ಕಥೆ ಚಿಕ್ಕದು. ಎಂಆರ್‌ಐ ಚಿತ್ರದಲ್ಲಿ ಅವು ಸೇರಿದ ಜಾಗ ಕಪ್ಪಾಗಿ ಕಾಣುತ್ತದೆ. ಲಿವರ್ ನೋಡಲು 1996ರಲ್ಲೇ ಅಮೆರಿಕದಲ್ಲಿ ಅಂಥದ್ದೊಂದಕ್ಕೆ ಒಪ್ಪಿಗೆ ಸಿಕ್ಕಿತ್ತು, ಆಮೇಲೆ ಅದು ಮಾರುಕಟ್ಟೆಯಿಂದ ಹೋಯಿತು. ಎದೆಯ ಎಂಆರ್‌ಐಗೆ ಇವತ್ತು ಬಳಸುವುದು ಗ್ಯಾಡೋಲಿನಿಯಂ. ಕಣಗಳನ್ನೇ ನೇರವಾಗಿ ಕಾಣುವ ಹೊಸ ಬಗೆಯ ಯಂತ್ರವನ್ನು ಹ್ಯಾಂಬರ್ಗ್‌ನ ಇಬ್ಬರು ವಿಜ್ಞಾನಿಗಳು 2005ರಲ್ಲಿ ತೋರಿಸಿದರು. ಎದೆಯ ಗಂಟು ನೋಡಲು ಆಸ್ಪತ್ರೆಗೆ ಅದು ಇನ್ನೂ ಬಂದಿಲ್ಲ.

ಈಗ ಕಂಕುಳಿಗೆ ಬರೋಣ. ಅಕ್ಕನಿಗೆ ಓದಿ ಹೇಳಬೇಕಾದ ಭಾಗ ಇದು.

ಎದೆಯ ಕ್ಯಾನ್ಸರ್ ಹೊರಗೆ ಹೋಗುವುದಾದರೆ ಸಾಮಾನ್ಯವಾಗಿ ಮೊದಲು ತಲುಪುವುದು ಕಂಕುಳಿನ ಲಿಂಫ್ ಗಂಟುಗಳಿಗೆ. ಹಿಂದೆ ಏನು ಮಾಡುತ್ತಿದ್ದೆವು ಅಂದರೆ, ಹೋಗಿರಲಿ ಬಿಡಲಿ, ಕಂಕುಳಿನ ಗಂಟುಗಳನ್ನೆಲ್ಲ ಕೆರೆದು ತೆಗೆಯುತ್ತಿದ್ದೆವು. ಕೈಯಿಂದ ನೀರು ಬಸಿದು ಹೋಗುವ ದಾರಿಯೇ ಅದು. ದಾರಿ ಮುಚ್ಚಿದರೆ ಕೈ ಊದುತ್ತದೆ. ಎಲ್ಲ ಗಂಟು ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತದೆ. ಅಕ್ಕನನ್ನು ಹೆದರಿಸಿದವರು ಸುಳ್ಳು ಹೇಳಿಲ್ಲ. ಅವರು ಬಹುಶಃ ಅಂಥ ಕೈಯನ್ನು ಕಣ್ಣಾರೆ ನೋಡಿದ್ದಾರೆ. ನಾನೂ ನೋಡಿದ್ದೇನೆ. ಬಳೆ ಕತ್ತರಿಸಿ ತೆಗೆಯಬೇಕಾದ ಕೈ. ಮಡಿಲಲ್ಲಿ ಮೊರ ಇಟ್ಟುಕೊಂಡು, ಎಲೆ ಸುರುಳಿ ಮಾಡಿ, ತುದಿ ಮಡಚಿ ನೂಲು ಸುತ್ತುವಾಗ ಬೆರಳುಗಳು ಮಾತು ಕೇಳದ ಕೈ.

ಆದರೆ 1990ರ ದಶಕದಲ್ಲಿ ಒಂದು ದೊಡ್ಡ ಬದಲಾವಣೆ ಆಯಿತು. ಕಂಕುಳಿನಲ್ಲಿ ಹತ್ತಿಪ್ಪತ್ತು ಗಂಟುಗಳಿದ್ದರೂ ಎದೆಯಿಂದ ಬರುವ ನೀರು ಮೊದಲು ಮುಟ್ಟುವುದು ಒಂದೆರಡಕ್ಕೆ. ಊರ ಬಾಗಿಲಲ್ಲಿ ನಿಂತ ಕಾವಲುಗಾರರಿದ್ದ ಹಾಗೆ. ಅವುಗಳಲ್ಲಿ ಕ್ಯಾನ್ಸರ್ ಇಲ್ಲ ಅಂದರೆ ಹಿಂದಿನವುಗಳಲ್ಲಿ ಇರುವ ಸಾಧ್ಯತೆ ಬಹಳ ಕಡಿಮೆ. ಹಾಗಾದರೆ ಆ ಕಾವಲು ಗಂಟುಗಳನ್ನಷ್ಟೇ ತೆಗೆದು ನೋಡಿದರೆ ಸಾಕು. ಹೀಗೆ ಮಾಡಿದಾಗ ಕೈ ಊದುವುದು ಸುಮಾರು ಇಪ್ಪತ್ತರಲ್ಲಿ ಒಬ್ಬರಿಗೆ.

ಕಾವಲು ಗಂಟು ಯಾವುದು ಅಂತ ಕಂಡುಹಿಡಿಯಬೇಕಲ್ಲ? ಅದಕ್ಕೆ ಎದೆಗೆ ನೀಲಿ ಬಣ್ಣ ಚುಚ್ಚುತ್ತೇವೆ, ಅಥವಾ ಟೆಕ್ನೀಷಿಯಂ ಎಂಬ ವಿಕಿರಣ ಸೂಸುವ ವಸ್ತು. ನೀಲಿ ಬಣ್ಣ ಕಡಿಮೆ ಖರ್ಚಿನದ್ದು, ಆದರೆ ಒಂದೇ ಇದ್ದರೆ ಕೆಲವೊಮ್ಮೆ ಗಂಟು ತಪ್ಪಿಹೋಗುತ್ತದೆ. ಟೆಕ್ನೀಷಿಯಂ ಚೆನ್ನಾಗಿ ತೋರಿಸುತ್ತದೆ. ಅದರ ಶಕ್ತಿ ಪ್ರತಿ ಆರು ಗಂಟೆಗೆ ಅರ್ಧ ಇಳಿಯುತ್ತದೆ. ಆಪರೇಷನ್ ನಾಳೆಗೆ ಹೋದರೆ ಮತ್ತೆ ಚುಚ್ಚಬೇಕಾಗಬಹುದು. ನ್ಯೂಕ್ಲಿಯರ್ ಮೆಡಿಸಿನ್ ವಿಭಾಗವೂ ಹತ್ತಿರ ಇರಬೇಕು. ನಮ್ಮ ಜಿಲ್ಲೆಯವರಿಗೆ ಅಂದರೆ ಮಂಗಳೂರೋ ತಲಶ್ಶೇರಿಯೋ ಆಗಬೇಕು.

ಕಬ್ಬಿಣದ ಕಣ ಕೆಲಸಕ್ಕೆ ಬರುವುದು ಇಲ್ಲಿ. ಮ್ಯಾಗ್‌ಟ್ರೇಸ್ ಎಂಬ ಕಡು ಕಂದು ದ್ರವವನ್ನು ಎದೆಗೆ ಚುಚ್ಚುತ್ತಾರೆ. ಅದರಲ್ಲಿರುವ ಕಬ್ಬಿಣ ಐವತ್ತು ಅರವತ್ತು ಮಿಲಿಗ್ರಾಂ ಅಷ್ಟೇ, ನಮ್ಮ ಹೆಂಗಸರಿಗೆ ರಕ್ತ ಕಡಿಮೆ ಅಂತ ಕೊಡುವ ಒಂದು ಮಾತ್ರೆಯ ಆಸುಪಾಸು. ಕಣಗಳು ಲಿಂಫ್ ದಾರಿ ಹಿಡಿದು ಹೋಗಿ ಕಾವಲು ಗಂಟಿನಲ್ಲಿ ಕೂರುತ್ತವೆ. ಬ್ರಿಟನ್ ಮತ್ತು ನೆದರ್ಲೆಂಡ್ಸ್‌ನ 160 ಹೆಂಗಸರಲ್ಲಿ ಎರಡೂ ವಿಧಾನವನ್ನು ಒಟ್ಟಿಗೆ ಮಾಡಿ ನೋಡಿದ ಫಲಿತಾಂಶ 2014ರಲ್ಲಿ ಬಂತು. ಹಳೆಯ ವಿಧಾನ ಗಂಟು ಹುಡುಕಿದ್ದು ಶೇಕಡ 95.0, ಅಯಸ್ಕಾಂತದ್ದು 94.4. ಬಹುತೇಕ ಸಮ. 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಒಪ್ಪಿಗೆಯೂ ಸಿಕ್ಕಿತು.

ಇಂಗ್ಲೆಂಡಿನಲ್ಲಿ ತರಬೇತಿಯಲ್ಲಿದ್ದಾಗ ಇದನ್ನು ಮೊದಲ ಸಲ ಹತ್ತಿರದಿಂದ ನೋಡಿದೆ. ಕೈಯಲ್ಲಿ ದಪ್ಪ ಪೆನ್ನಿನ ಹಾಗಿನ ಕಡ್ಡಿ. ಅದನ್ನು ಕಂಕುಳಿನ ಚರ್ಮದ ಮೇಲೆ ಮೆಲ್ಲಗೆ ಸರಿಸಿದರೆ ಯಂತ್ರ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಗಂಟಿನ ಹತ್ತಿರ ಹೋದ ಹಾಗೆ ದನಿ ಏರುತ್ತಿತ್ತು. ನರ್ಸ್ ಮೊದಲೇ ಸ್ಟೀಲಿನ ಇಕ್ಕಳ, ಕೊಕ್ಕೆಗಳನ್ನೆಲ್ಲ ಪಕ್ಕಕ್ಕೆ ಸರಿಸಿ ಪ್ಲಾಸ್ಟಿಕ್ಕಿನವನ್ನು ಇಟ್ಟಿದ್ದರು, ಸ್ಟೀಲ್ ಹತ್ತಿರ ಬಂದರೂ ಯಂತ್ರ ಕೂಗುತ್ತದೆ ಅಂತ. ಬೆರಳಗಲದ ಗಾಯದೊಳಗೆ ಗಂಟು ಕಂಡಿತು. ಒಣಗಿಸಿದ ಪುನರ್ಪುಳಿ ಸಿಪ್ಪೆಯ ಬಣ್ಣ. ತೆಗೆದು ಕಡ್ಡಿಗೆ ಹಿಡಿದಾಗ ದನಿ ಜೋರಾಯಿತು, ಕಂಕುಳಿನಲ್ಲಿ ಮತ್ತೆ ಹಿಡಿದರೆ ಸದ್ದಿಲ್ಲ. ಕೆಲಸ ಮುಗಿಯಿತು. ಆಕೆಯ ಕೈಯ ದಾರಿ ಹಾಗೇ ಉಳಿಯಿತು. ಸುಡುವ ವಿಡಿಯೊ ನೋಡಿದವರಿಗೆ ಇದು ಸಣ್ಣ ವಿಷಯ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲೇ ಇಲ್ಲ.

ಕಣಗಳು ಅಲ್ಲೇ ವಾರಗಟ್ಟಲೆ ಕೂತಿರುತ್ತವೆ ಎಂಬುದು ಇನ್ನೊಂದು ಉಪಯೋಗ. ಸ್ವೀಡನ್ನಿನವರು ಇದನ್ನು ಚೆನ್ನಾಗಿ ಬಳಸಿಕೊಂಡರು. ಹಾಲಿನ ನಾಳದೊಳಗೇ ಇರುವ ಆರಂಭದ ಕ್ಯಾನ್ಸರಿನವರಿಗೆ ಮೊದಲ ಆಪರೇಷನ್‌ನಲ್ಲಿ ಕಣ ಚುಚ್ಚಿ ಕಂಕುಳನ್ನು ಮುಟ್ಟದೆ ಬಿಟ್ಟರು. ಪೆಥಾಲಜಿ ವರದಿಯಲ್ಲಿ ಹರಡುವ ಜಾತಿ ಅಂತ ಬಂದರೆ ಮಾತ್ರ ಮತ್ತೆ ಕರೆದು ಕಾವಲು ಗಂಟು ತೆಗೆದರು. ನಾಲ್ವರಲ್ಲಿ ಮೂವರಿಗಿಂತ ತುಸು ಜಾಸ್ತಿ ಹೆಂಗಸರಿಗೆ ಕಂಕುಳಿನ ಆಪರೇಷನ್ನೇ ತಪ್ಪಿತು.

ತೊಂದರೆಯೂ ಇದೆ. ಚುಚ್ಚಿದ ಜಾಗದಲ್ಲಿ ಚರ್ಮ ಕಂದಾಗಿ ತಿಂಗಳುಗಟ್ಟಲೆ ಉಳಿಯಬಹುದು. ಆಮೇಲೆ ಎದೆಯ ಎಂಆರ್‌ಐ ಮಾಡಿದರೆ ಆ ಭಾಗ ಕಪ್ಪಾಗಿ ಏನೂ ಕಾಣದೆ ಹೋಗಬಹುದು. ಕಬ್ಬಿಣದ ಇಂಜೆಕ್ಷನ್‌ಗೆ ಅಲರ್ಜಿ ಇದ್ದವರಿಗೆ ಇದು ಬೇಡ.

ಅಕ್ಕನ ಆಸ್ಪತ್ರೆಯಲ್ಲಿ ಈ ಅಯಸ್ಕಾಂತದ ಕಡ್ಡಿ ಇಲ್ಲದಿದ್ದರೆ ಬೇಸರ ಬೇಡ, ಅದಕ್ಕಾಗಿ ದೂರ ಹೋಗುವುದೂ ಬೇಡ. ನೀಲಿ ಬಣ್ಣದ ಜೊತೆ ಟೆಕ್ನೀಷಿಯಂ ಅಥವಾ ವಿಶೇಷ ಕ್ಯಾಮೆರಾದಲ್ಲಿ ಹೊಳೆದು ಕಾಣುವ ಐಸಿಜಿ ಎಂಬ ಹಸಿರು ಬಣ್ಣ ಬಳಸಿದರೂ ಅದೇ ಕೆಲಸ ಆಗುತ್ತದೆ. ಉಳಿಯಬೇಕಾದದ್ದು ಕಂಕುಳು. ಯಾವ ದಾರಿಯಲ್ಲಿ ಎಂಬುದು ಆಮೇಲಿನ ಮಾತು.

ಅದಕ್ಕಿಂತ ಒಳ್ಳೆಯ ಸುದ್ದಿಯೂ ಇರಬಹುದು. ಗಂಟು ಎರಡು ಸೆಂಟಿಮೀಟರಿನೊಳಗೆ ಇದ್ದು, ಅಲ್ಟ್ರಾಸೌಂಡಿನಲ್ಲಿ ಕಂಕುಳು ಸರಿಯಾಗಿ ಕಂಡರೆ ಕಾವಲು ಗಂಟನ್ನೂ ತೆಗೆಯದೆ ಬಿಡಬಹುದಾ ಅಂತ ಇಟಲಿಯ ಸರ್ಜನ್‌ಗಳು ಮುಂದೆ ನಿಂತು ಒಂದು ಅಧ್ಯಯನ ಮಾಡಿದರು. ಫಲಿತಾಂಶ 2023ರಲ್ಲಿ ಬಂತು. ಐದು ವರ್ಷದ ನಂತರ ರೋಗ ದೂರದ ಅಂಗಕ್ಕೆ ಹರಡದೆ ಬದುಕಿದ್ದವರು ಕಾವಲು ಗಂಟು ತೆಗೆದವರಲ್ಲಿ ಶೇಕಡ 97.7, ತೆಗೆಯದವರಲ್ಲಿ 98.0. ಅದರಲ್ಲಿ ಇದ್ದವರಲ್ಲಿ ಹೆಚ್ಚಿನವರು ಮುಟ್ಟು ನಿಂತ, ಹಾರ್ಮೋನಿಗೆ ಸ್ಪಂದಿಸುವ ಕ್ಯಾನ್ಸರಿನ ಹೆಂಗಸರು. ನಿಮ್ಮ ಅಕ್ಕನ ವಯಸ್ಸು, ಗಂಟಿನ ಅಳತೆ ಇದಕ್ಕೆ ಹೊಂದುತ್ತವೆ. ಉಳಿದದ್ದು ಬಯಾಪ್ಸಿ ವರದಿಯಲ್ಲಿದೆ. ಹಾಗಾಗಿ ಸರ್ಜನ್ ಹತ್ತಿರ ಅಯಸ್ಕಾಂತ ಇದೆಯಾ ಅಂತ ಕೇಳುವ ಮೊದಲು, ಕಂಕುಳಿನ ಅಲ್ಟ್ರಾಸೌಂಡ್ ಆಗಿದೆಯಾ, ಅದರಲ್ಲಿ ಏನು ಕಂಡಿದೆ, ಎಲ್ಲ ಗಂಟು ತೆಗೆಯುತ್ತೀರಾ, ಕಾವಲು ಗಂಟು ಮಾತ್ರವಾ, ಅಥವಾ ಮುಟ್ಟದೆಯೇ ಬಿಡಬಹುದಾ ಅಂತ ಕೇಳಿ. ಪೂರ್ತಿ ಎದೆ ತೆಗೆಯಬೇಕಾ ಅಂತಲೂ ಕೇಳಿ. ಎದೆಯ ಗಂಟು ಮಾತ್ರ ತೆಗೆದು ಕರೆಂಟ್ (ರೇಡಿಯೇಷನ್) ಕೊಟ್ಟರೂ ಎದೆ ಪೂರ್ತಿ ತೆಗೆದಷ್ಟೇ ಆಯಸ್ಸು ಸಿಗುತ್ತದೆ ಎಂಬುದು ಇಪ್ಪತ್ತು ವರ್ಷ ಕಾದು ನೋಡಿದ ಎರಡು ದೊಡ್ಡ ಅಧ್ಯಯನಗಳಿಂದ 2002ರಲ್ಲೇ ಗೊತ್ತಾಗಿದೆ.

ಇನ್ನೊಂದು ಮಾತು, ನಮ್ಮ ಊರಿನವರಿಗೇ ಸೇರಿದ್ದು. ಕೆಲವು ವರ್ಷದ ಹಿಂದೆ ಒಬ್ಬ ಹೆಂಗಸು ನನ್ನ ಬಳಿ ಕೈ ಊತ ತೋರಿಸಲು ಬಂದಿದ್ದರು. ಕಂಕುಳಿನ ಎಲ್ಲ ಗಂಟು ತೆಗೆದಿದ್ದಾರೆ ಅಂತ ಅವರಿಗೆ ಗೊತ್ತೇ ಇರಲಿಲ್ಲ. ಒಪ್ಪಿಗೆಯ ಕಾಗದ ಮಲಯಾಳದಲ್ಲಿತ್ತು. ಅವರು ಕನ್ನಡ ಶಾಲೆಯಲ್ಲಿ ಓದಿದವರು. ತೋರಿಸಿದ ಜಾಗದಲ್ಲಿ ಸುಮ್ನೆ ಸಹಿ ಹಾಕಿದ್ದರು. ಅಕ್ಕನ ಜೊತೆ ನೀವೇ ಹೋಗಿ. ಕಾಗದವನ್ನು ಕನ್ನಡದಲ್ಲೋ ತುಳುವಿನಲ್ಲೋ ಓದಿ ಹೇಳಿ ಅಂತ ಕೇಳಿ. ಹಾಗೆ ಕೇಳುವುದು ಅಕ್ಕನ ಹಕ್ಕು, ಸಂಕೋಚ ಬೇಡ. ಕಂಕುಳಿಗೆ ಏನು ಮಾಡುತ್ತಾರೆ ಎಂಬ ಸಾಲನ್ನು ಬೆರಳಿಟ್ಟು ತೋರಿಸಲು ಹೇಳಿ. ಮೊರ, ಎಲೆ, ನೂಲಿನ ವಿಷಯವನ್ನೂ ಸರ್ಜನ್‌ಗೆ ಅಕ್ಕನ ಬಾಯಿಂದಲೇ ಹೇಳಿಸಿ. ಆಪರೇಷನ್ ಆದ ಮರುದಿನದಿಂದಲೇ ಕೈಗೆ ಮಾಡಬೇಕಾದ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಹೇಳಿಕೊಡುತ್ತಾರೆ, ಅದನ್ನು ಮನೆಗೆ ಹೊರಡುವ ಮೊದಲು ನೀವೂ ಕಲಿತುಕೊಳ್ಳಿ. ಬಯಾಪ್ಸಿ ವರದಿ ಮತ್ತು ಕಂಕುಳಿನ ಅಲ್ಟ್ರಾಸೌಂಡ್ ವರದಿ ಕೈಗೆ ಬಂದ ಮೇಲೆ ನನಗೆ ಕಳಿಸಿ, ನೋಡಿ ಹೇಳುತ್ತೇನೆ. ಆಪರೇಷನ್‌ನ ದಿನಾಂಕವನ್ನು ಮಾತ್ರ ಮುಂದೆ ಹಾಕಿಸಬೇಡಿ.